ಕೈಯಲ್ಲಿ ಬರೆದ ಹೊಳೆ

ಕಲ್ಲವ್ವ ಸತ್ತ ದಿನದಿಂದ ನಾನು ನನ್ನ ತಮ್ಮನನ್ನು ಹೆಸರು ಹಿಡಿದು ಕರೆದಿಲ್ಲ. ಕರೆಯಲೇಬೇಕಾದಾಗ ‘ಏಯ್’ ಎನ್ನುತ್ತೇನೆ. ಅವನ ಹೆಸರು ವಾಮನ. ಊರಿನವರಿಗೆ ವಾಮನರಾಯರು, ಹೊಳೆ ಕಚೇರಿಯ ಸಾಹೇಬರು. ನಾನು ಅವನ ಅಕ್ಕ ದಮಯಂತಿ. ಅವನ ಕೈ ಹಿಡಿದು ಅಕ್ಷರ ತಿದ್ದಿಸಿದವಳು ನಾನೇ. ಈ ಕಥೆಯನ್ನು ಸಮಾಧಾನದಿಂದ ಹೇಳಬೇಕೆಂದು ಬಹಳ ಸಲ ಕುಳಿತೆ, ಆಗಲಿಲ್ಲ. ಸಿಟ್ಟಿನಲ್ಲಿಯೇ ಹೇಳುತ್ತೇನೆ.

ನಮ್ಮ ಊರಿನ ಹೊಳೆ ದಿನಾ ಮಧ್ಯಾಹ್ನ ದಾರಿ ಬದಲಿಸುತ್ತದೆ. ಇವತ್ತು ಗಾಣಿಗರ ಓಣಿಯಲ್ಲಿ ಹರಿದದ್ದು ನಾಳೆ ಪಿಂಜಾರ ಓಣಿಯಲ್ಲಿ ಹರಿಯುತ್ತದೆ, ನಾಡಿದ್ದು ಊರ ಹೊರಗಿನ ಇಟ್ಟಿಗೆ ಭಟ್ಟಿಯ ಬಯಲಿಗೆ ಹೋಗಿ ಮಲಗುತ್ತದೆ. ಅದಕ್ಕೆ ತಕ್ಕಂತೆ ನಾವೂ ಬದುಕುತ್ತೇವೆ. ನಮ್ಮ ಗೋಡೆಯ ಗೂಡುಗಳು ಎದೆಯ ಎತ್ತರಕ್ಕಿಂತ ಮೇಲೆ. ಮಂಚಗಳಿಗೆ ನಾಲ್ಕೂ ಮೂಲೆಗೆ ಸರಪಳಿ, ತೊಲೆಗೆ ರಾಟೆ. ಹೊಳೆ ಬರುವ ದಿನ ಮಂಚ ಎಳೆದು ಕಟ್ಟಿದರೆ ಆಯಿತು. ಸೈಕಲ್ಲು ಗೋಡೆಗೆ, ದೋಣಿ ಹಿತ್ತಲಿಗೆ. ಹೆಣ್ಣು ಕೊಡುವವರು ಗಂಡಿನ ಮನೆಯ ಅಟ್ಟದ ಎತ್ತರ ನೋಡಿಯೇ ಮಾತು ಮುಂದುವರಿಸುತ್ತಾರೆ. ಹೊಳೆ ಎದ್ದು ಹೋದ ಓಣಿಯಲ್ಲಿ ಹೆಂಗಸರು ಸೆರಗು ಕಟ್ಟಿ ಮೀನು ಆರಿಸುತ್ತಾರೆ, ಆಮೇಲೆ ಕೆಸರು ತೊಳೆದು ರಂಗೋಲಿ ಹಾಕುತ್ತಾರೆ. ಈ ಊರಿನಲ್ಲಿ ಹೊಳೆಯನ್ನು ಬೈದವರನ್ನು ನಾನು ಕಂಡಿಲ್ಲ. ಎಲ್ಲಿ ಬರುತ್ತೇನೆಂದು ಬೆಳಿಗ್ಗೆ ಗೊತ್ತಾದರೆ ಸಾಕು, ಬರಲಿ ಬಿಡು ಎನ್ನುವ ಜನ.

ಅದನ್ನು ತಿಳಿಸುವ ಕೆಲಸ ಹೊಳೆ ಕಚೇರಿಯದು. ಅಲ್ಲಿ ನೀಲಿ ಬಣ್ಣದ ದೊಡ್ಡ ಯಂತ್ರಗಳಿವೆ. ಒಂದು ಕಾಲದಲ್ಲಿ ದೊಡ್ಡ ಊರುಗಳಲ್ಲಿ ವಿಮಾನದ ಚಿತ್ರ, ಸಿನಿಮಾದ ಚಿತ್ರ ಬಿಡಿಸುತ್ತಿದ್ದ ಯಂತ್ರಗಳಂತೆ. ಅಲ್ಲಿ ಬೇಡವಾದ ಮೇಲೆ ನಮ್ಮಲ್ಲಿಗೆ ಬಂದವು. ಮೇಲುಹೊಳೆಯಲ್ಲಿ ನೆಟ್ಟ ಅಳತೆ ಕಂಬಗಳಿಂದ ತಂತಿಯ ಮೂಲಕ ಬಂದ ಲೆಕ್ಕ ತೆಗೆದುಕೊಂಡು ಅವು ಇಡೀ ಊರನ್ನು ಮೇಲಿನಿಂದ ನೋಡಿದಂತೆ ಬಿಡಿಸುತ್ತಿದ್ದವು. ಮನೆಗಳೆಲ್ಲ ಪುಟ್ಟ ಪೆಟ್ಟಿಗೆಗಳು, ನಡುವೆ ನಾಳಿನ ಹೊಳೆ ಒಂದು ನೀಲಿ ಗೆರೆ. ಅದನ್ನು ಮುದ್ರಿಸಿ ಗಡಿಯಾರ ಚೌಕದ ಹಲಗೆಗೆ ಹಚ್ಚುವುದು. ಒಂದೊಂದೇ ಯಂತ್ರ ಕೆಟ್ಟು ಕೊನೆಗೆ ಒಂದು ಉಳಿಯಿತು. ನನ್ನ ಪ್ರಾಯವೆಲ್ಲ ಕಳೆದದ್ದು ಅವುಗಳ ಹಿಂದೆ ಬಾಗಿ, ಧೂಳು ಒರೆಸಿ, ತಂತಿ ಬದಲಿಸಿ. ತಮ್ಮ ಸಾಹೇಬನಾದ ಮೇಲೆ ಒಂದು ದಿನ ಅವನೇ ಹೇಳಿದ: “ಅಕ್ಕಾ, ಇನ್ನ ಮನ್ಯಾಗ ಆರಾಮ ಇರು. ಯಂತ್ರ ತಾನಾಗೇ ನಡೀತದ.” ಹಾರ ಹಾಕಿ ಕಳಿಸಿದರು. ನಾನು ಮನೆಯ ಮುಂದಿನ ಕೋಣೆಯಲ್ಲಿ ರೇಡಿಯೋ, ಮಿಕ್ಸರ್ ರಿಪೇರಿ ಮಾಡುತ್ತ ಕುಳಿತೆ.

ಕಲ್ಲವ್ವ ಬುಟ್ಟಿಗಾರ ಓಣಿಯವಳು. ಕಾಲಲ್ಲಿ ಶಕ್ತಿ ಹೋಗಿ ಮಂಚದ ಮೇಲೇ ಇದ್ದಳು. ಮಗಳು ಸಾವಂತ್ರಿ ಊರಿಗೆಲ್ಲ ರವಿಕೆ ಹೊಲಿಯುವವಳು, ನನ್ನ ಮೈ ಅಳತೆ ಅವಳಿಗೆ ಬಾಯಿಪಾಠ. ಆ ದಿನ ಚೌಕದ ಹಲಗೆಯಲ್ಲಿ ಹೊಳೆ ಎಣ್ಣೆ ಗಿರಣಿ ರಸ್ತೆಗೆ ಹೋಗುತ್ತದೆ ಎಂದಿತ್ತು. ಎಣ್ಣೆ ಗಿರಣಿ ಎಲ್ಲಿ, ಬುಟ್ಟಿಗಾರ ಓಣಿ ಎಲ್ಲಿ! ಸಾವಂತ್ರಿ ನಿಶ್ಚಿಂತೆಯಿಂದ ತಾಯಿಯ ಮಂಚವನ್ನು ನೆಲಕ್ಕಿಳಿಸಿ, ಬಾಗಿಲ ಕಡೆ ಮುಖ ಮಾಡಿಸಿ, ಸುಲಿಯಲೆಂದು ಒಂದು ಮೊರ ಅವರೆಕಾಯಿ ಮಡಿಲಿಗಿಟ್ಟು, ಹೊಲಿದ ರವಿಕೆಗಳನ್ನು ಕೊಟ್ಟುಬರಲು ಹೋದಳು. ಊಟದ ಹೊತ್ತಿಗೆ ಹೊಳೆ ಬುಟ್ಟಿಗಾರ ಓಣಿಗೇ ಬಂತು. ನಡೆಯುವವರು ಅಟ್ಟ ಹತ್ತಿದರು. ಯಾರೋ ಕಲ್ಲವ್ವನನ್ನು ನೆನೆದು ಈಜಿ ಬರುವಷ್ಟರಲ್ಲಿ ನೀರು ಸೊಂಟದವರೆಗೆ ನಿಂತಿತ್ತು. ಅವಳ ಎರಡೂ ಕೈ ಮಂಚದ ಸರಪಳಿಯನ್ನು ಬಿಗಿಯಾಗಿ ಹಿಡಿದಿದ್ದವಂತೆ. ಬೆರಳು ಬಿಡಿಸುವುದಕ್ಕೆ ಬಹಳ ಹೊತ್ತು ಹಿಡಿಯಿತಂತೆ.

ಮಣ್ಣಿಗೆ ಹೋದಾಗ ಎಲ್ಲರ ಬಾಯಲ್ಲೂ ಒಂದೇ ಮಾತು: “ಹೊಳಿ ತಪ್ಪಿತು.” ಹೊಳೆ ಅಂದಮೇಲೆ ಒಮ್ಮೊಮ್ಮೆ ತಪ್ಪುತ್ತದೆ, ಏನು ಮಾಡುವುದು. ನಾನು ಮನೆಗೆ ಬಂದು ನೀರು ಹಾಕಿಕೊಂಡೆ, ನಿದ್ದೆ ಬರಲಿಲ್ಲ. ಅಷ್ಟು ವರ್ಷ ಆ ಯಂತ್ರದ ಜೊತೆ ಇದ್ದವಳು ನಾನು. ಒಂದು ಮನೆ ಆಚೀಚೆ ತಪ್ಪಿದ್ದು ನೋಡಿದ್ದೇನೆ. ಊರಿನ ಈ ತುದಿಗೆ ಬದಲು ಆ ತುದಿ ತೋರಿಸಿದ್ದು ಒಮ್ಮೆಯೂ ಇಲ್ಲ.

ಬೆಳಗಾದ ಕೂಡಲೇ ಚೌಕಕ್ಕೆ ಹೋದೆ. ನಿನ್ನೆಯ ಹಾಳೆಯ ಮೇಲೆ ಆಗಲೇ ಇವತ್ತಿನದನ್ನು ಹಚ್ಚಿದ್ದರು, ಅಂಟು ಇನ್ನೂ ಹಸಿ. ಕನ್ನಡಕ ಮೇಲೆತ್ತಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ನಮ್ಮ ಯಂತ್ರ ಬರೆದ ಓರೆ ಗೆರೆಯನ್ನು ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಮೆಟ್ಟಿಲು ಕಾಣುತ್ತವೆ. ಚುಕ್ಕೆ ಜೋಡಿಸಿ ಬರೆಯುವ ಯಂತ್ರಕ್ಕೆ ನುಣುಪಾಗಿ ತಿರುಗಲು ಬರುವುದಿಲ್ಲ. ಈ ಗೆರೆ ಮಾತ್ರ ತುಪ್ಪ ಸುರಿದಂತೆ ನುಣ್ಣಗೆ ತಿರುಗಿತ್ತು. ಕೆಳಗೆ ‘ಹೊಳೆ’ ಎಂದು ಬರೆದಿತ್ತು. ಆ ‘ಳೆ’ಗೆ ಒಂದು ಬಾಲ, ಬಾಲಕ್ಕೊಂದು ಸುರುಳಿ. ಅಕ್ಷರ ತಿದ್ದಿಸುವಾಗ ಎಷ್ಟು ಹೊಡೆದರೂ ತಮ್ಮನ ಕೈಯಿಂದ ನನಗೆ ಬಿಡಿಸಲಾಗದ ಸುರುಳಿ ಅದು.

ಹಾಳೆಯನ್ನು ಹರಿದು ತೆಗೆದುಕೊಂಡೆ. ಕೆಳಗಿನ ನಿನ್ನೆಯದೂ ಅದರ ಜೊತೆಗೇ ಕಿತ್ತುಬಂತು. ಅದೂ ನುಣ್ಣಗೇ ಇತ್ತು. ಹಾಲು ಮಾರುವವನೊಬ್ಬ “ಅಕ್ಕಾರ, ಯಾಕ ಹರೀತೀರಿ?” ಎಂದು ಕೂಗಿದ. ನಾನು ಆಗಲೇ ಕಚೇರಿಯ ದಾರಿ ಹಿಡಿದಿದ್ದೆ.

ತಮ್ಮ ಕಚೇರಿಯಲ್ಲಿ ಆಗಷ್ಟೇ ಬಂದು ಕುಳಿತಿದ್ದ. ನನ್ನನ್ನು ನೋಡಿ ಎದ್ದು, “ಅಕ್ಕಾ, ಬಾ, ಕೂಡು. ಚಹಾ ತರಸ್ತೀನಿ” ಎಂದ.

ಹಾಳೆಗಳನ್ನು ಮೇಜಿನ ಮೇಲೆ ಒಗೆದೆ. “ಯಾರು ಬರದದ್ದು ಇದು?”

ಅವನು ಹಾಳೆ ನೋಡಲಿಲ್ಲ, ಬಾಗಿಲು ನೋಡಿದ. ಹೋಗಿ ಮುಚ್ಚಿ ಬಂದ. “ಸಾವಕಾಶ ಮಾತಾಡು, ಹೊರಗ ಕೇಳಸ್ತದ.”

“ಕೇಳಸಲಿ. ಯಾರು ಬರದದ್ದು?”

“ಪರದಾ ಕತ್ತಲಾಗಿ ಭಾಳ ದಿವಸ ಆತು, ಅಕ್ಕಾ. ಯಂತ್ರ ಸತ್ತದ. ಹೊರಗಿಂದ ರಿಪೇರಿಯವರನ್ನ ಕರಸಿದೆ. ನೋಡಿದವರು ಇದರ ಚಿತ್ರದ ಭಾಗ ಸುಟ್ಟದ, ಇಂಥಾದ್ದು ಈಗ ಎಲ್ಲೂ ಸಿಗೂದಿಲ್ಲ, ಗುಜರಿಗೆ ಹಾಕ್ರಿ ಅಂದ್ರು. ನಾ ಏನ ಮಾಡ್ಲಿ? ಹಲಗಿ ಖಾಲಿ ಬಿಟ್ರ ಊರು ಗಾಬರಿ ಆಗತಿತ್ತು. ಹಳೇ ಹಾಳಿ ಎಲ್ಲಾ ಮುಂದ ಇಟಗೊಂಡು, ಯಾವ ಓಣಿ ಆದಮ್ಯಾಲೆ ಯಾವುದು ಬರ್ತದ ನೋಡಿ, ಅಂದಾಜು ಮಾಡಿ ಬರದೆ. ಭಾಳ ಸಲ ಸರಿ ಬರ್ತಿತ್ತು, ಅಕ್ಕಾ.”

“ನಿನ್ನೆ?”

ಅವನು ಮೇಜಿನ ಮೇಲಿನ ಹಾಳೆಗಳನ್ನು ಬೋರಲು ಹಾಕಿದ.

“ನಿನ್ನೆ ಒಬ್ಬಾಕಿ ಸತ್ತಳು. ಇವತ್ತ ಮುಂಜಾನೆ ಎದ್ದು ಮತ್ತೊಂದು ಬರದಿ. ಅಂಟು ಹಚ್ಚಿ ಬಂದಿ. ನಿನ್ನ ಕೈ ಹೆಂಗ ಬಂತೋ?”

“ಬರೀದಿದ್ರ ಜನಕ್ಕ ಗೊತ್ತಾಗತಿತ್ತು” ಎಂದ. ಅಷ್ಟು ಮೆಲ್ಲಗೆ, ಅಷ್ಟು ಪ್ರಾಮಾಣಿಕವಾಗಿ ಹೇಳಿದ. ಅವನು ಸುಳ್ಳು ಹೇಳಿದ್ದರೆ ನಾನು ಇಷ್ಟು ಉರಿಯುತ್ತಿರಲಿಲ್ಲವೇನೋ. ಅವನು ದುಷ್ಟನಲ್ಲ. ಇರುವೆ ತುಳಿಯದ ಮನುಷ್ಯ. ನಾಲ್ಕು ಜನರೆದುರು ‘ನನಗೆ ಗೊತ್ತಿಲ್ಲ’ ಎಂದು ಹೇಳುವ ಧೈರ್ಯ ಇಲ್ಲದ್ದಕ್ಕೆ ಒಬ್ಬಳು ಮುದುಕಿಯನ್ನು ಮುಳುಗಿಸಿದ.

“ನನ್ನ ಯಾಕ ಕರೀಲಿಲ್ಲ? ಎರಡು ಓಣಿ ಆಚಿಗೆ ಇದ್ದೀನಲ್ಲ?”

“ನಿನ್ನ ಮನೀಗೆ ಕಳಿಸಿದಾಂವ ನಾನ. ಮತ್ತ ಹೆಂಗ ಕರೀಲಿ?”

ಮೇಜಿನ ಮೇಲಿದ್ದ ಮಸಿಬಾಟಲಿ ಎತ್ತಿ ಗೋಡೆಗೆ ಒಗೆದೆ. ಆಮೇಲೆ ಒಳಗಿನ ಕೋಣೆಗೆ ಹೋದೆ.

ಯಂತ್ರದ ಮೇಲೆ ಒಂದು ಹಳೆಯ ಬೆಡ್‌ಶೀಟು ಹೊದಿಸಿದ್ದರು, ಹೆಣಕ್ಕೆ ಹೊದಿಸುವಂತೆ. ಎಳೆದು ಬಿಸಾಡಿ ಗುಂಡಿ ಒತ್ತಿದೆ. ಫ್ಯಾನು ಗುಂಯ್ಯೆಂದು ತಿರುಗಿತು. ಮುಂದಿನ ದೀಪ ಕೇಸರಿಯಾಯಿತು. ಪರದೆ ಕಪ್ಪು. ಪರದೆ ಕಪ್ಪಾದರೆ ಯಂತ್ರ ಸತ್ತಿತು ಎಂದುಕೊಂಡ ಆ ಪರಿಣತರನ್ನು ಎಲ್ಲಿಂದ ಕರೆಸಿದ್ದನೋ! ಈ ಯಂತ್ರಗಳಿಗೆ ಮಾತಾಡಲು ಎರಡು ದಾರಿ. ಒಂದು ಪರದೆ. ಇನ್ನೊಂದು ಬೆನ್ನ ಹಿಂದಿರುವ, ಎಂಟು ತೂತಿನ ಒಂದು ಗುಂಡು ಕಿಂಡಿ. ಅದಕ್ಕೆ ಸೀರಿಯಲ್ ಕನ್ಸೋಲ್ ಎನ್ನುತ್ತಾರೆ. ಅಲ್ಲಿಂದ ಒಂದು ಕೇಬಲ್ಲನ್ನು ಟರ್ಮಿನಲ್ಲಿಗೆ ಎಳೆದರೆ ಯಂತ್ರ ಅಕ್ಷರ ಅಕ್ಷರವಾಗಿ ಮಾತಾಡುತ್ತದೆ. ಟರ್ಮಿನಲ್ಲೆಂದರೆ ಹಸಿರು ಅಕ್ಷರದ ಒಂದು ಸಣ್ಣ ಪರದೆ, ಅದಕ್ಕೊಂದು ಕೀಬೋರ್ಡ್, ಅಷ್ಟೇ. ಚಿತ್ರ ಬಿಡಿಸುವ ಭಾಗ ಸುಟ್ಟರೂ ಲೆಕ್ಕ ಮಾಡುವ ಭಾಗ ಬದುಕಿರಬಹುದು. ಕೇಳುವವರು ಬೇಕು.

ಮನೆಗೆ ಹೋಗಿ ನನ್ನ ಹಳೆಯ ಟರ್ಮಿನಲ್ಲು, ಮೀಟರು, ಬೆಸುಗೆ ಸಾಮಾನು ತಂದೆ. ಹೊತ್ತು ತರಲು ತಮ್ಮ ಬಂದ. ದಾರಿಯಲ್ಲಿ ಜನ ನಮಸ್ಕಾರ ಮಾಡಿದರೆ ಅವನು ತಿರುಗಿ ನಮಸ್ಕಾರ ಮಾಡುತ್ತಿದ್ದ. ಅದನ್ನು ನೋಡಿ ನನ್ನ ಹಲ್ಲು ಕಟಕಟ ಎಂದಿತು.

ಕಪಾಟಿನಲ್ಲಿ ಒಂದು ಕೇಬಲ್ಲಿತ್ತು. ಜೋಡಿಸಿ ಯಂತ್ರ ಆರಿಸಿ ಹಚ್ಚಿದೆ. ಏನೂ ಬರಲಿಲ್ಲ. ಮೊದಲು ನನ್ನ ಟರ್ಮಿನಲ್ಲೇ ಸರಿಯಿದೆಯೇ ನೋಡಬೇಕಿತ್ತು. ಕೇಬಲ್ ಕಳಚಿ, ಟರ್ಮಿನಲ್ಲಿನ ಹಿಂಭಾಗದಲ್ಲಿ ಅದು ಮಾತು ಕಳಿಸುವ ಲೋಹದ ಮುಳ್ಳನ್ನೂ ಮಾತು ಕೇಳುವ ಮುಳ್ಳನ್ನೂ ತಲೆಯ ಹೇರ್‌ಪಿನ್ನಿನಿಂದ ಕೂಡಿಸಿ ಒಂದು ಅಕ್ಷರ ಒತ್ತಿದೆ. ಒತ್ತಿದ ಅಕ್ಷರ ಪರದೆಯ ಮೇಲೆ ಬಂತು. ಹೇರ್‌ಪಿನ್ ತೆಗೆದರೆ ಬರಲಿಲ್ಲ. ಟರ್ಮಿನಲ್ ಹೇಳುತ್ತದೆ, ಕೇಳುತ್ತದೆ. ತೊಂದರೆ ಅದರಾಚೆಗಿದೆ.

ಆಮೇಲೆ ಕೇಬಲ್ ಮತ್ತೆ ಜೋಡಿಸಿ ಯಂತ್ರದ ಕೀಬೋರ್ಡನ್ನು ಕಿತ್ತೆ. ತಮ್ಮ ಗಾಬರಿಯಾಗಿ, “ಅದನ್ಯಾಕ ಕೀಳ್ತಿ?” ಎಂದ. ಕೀಬೋರ್ಡ್ ಇದ್ದರೆ ಯಂತ್ರ ತನ್ನೆದುರು ಯಾರೋ ಪರದೆ ನೋಡುತ್ತ ಕುಳಿತಿದ್ದಾರೆ ಎಂದುಕೊಂಡು ಎಲ್ಲ ಮಾತನ್ನೂ ಪರದೆಗೇ ಹೇಳುತ್ತದೆ. ಕೀಬೋರ್ಡ್ ಇಲ್ಲದಿದ್ದರೆ ಬೆನ್ನ ಹಿಂದಿನ ಕಿಂಡಿಗೆ ತಿರುಗುತ್ತದೆ. ಇಷ್ಟು ದಿನ ಅದು ಕಪ್ಪಾದ ಪರದೆಗೆ ಹೇಳುತ್ತಲೇ ಇತ್ತು. ನಾನು ಇದನ್ನೆಲ್ಲ ಅವನಿಗೆ ವಿವರಿಸಲಿಲ್ಲ. “ಟಾರ್ಚ್ ಹಿಡಿ” ಎಂದೆ.

ಕೀಬೋರ್ಡ್ ಕಿತ್ತರೂ ಟರ್ಮಿನಲ್ ಖಾಲಿ. ಹಾಗಾದರೆ ಕೇಬಲ್ಲು. ಮೀಟರ್ ಹಿಡಿದು ಒಂದೊಂದೇ ಮುಳ್ಳು ಮುಟ್ಟಿಸುತ್ತ ಹೋದೆ. ಸಿಕ್ಕಿತು. ಈ ಗುಂಡು ಮೂತಿಯ ಕೇಬಲ್ಲುಗಳು ನೋಡುವುದಕ್ಕೆ ಎಲ್ಲ ಒಂದೇ ಥರ, ಒಳಗಿನ ತಂತಿ ಮಾತ್ರ ಒಂದೊಂದು ಜಾತಿಯ ಯಂತ್ರಕ್ಕೆ ಒಂದೊಂದು ಬಗೆ. ಇದು ಬೇರೆ ಯಾವುದೋ ಜಾತಿಯ ಯಂತ್ರದ್ದು. ಇದರಲ್ಲಿ ಯಂತ್ರ ಹೇಳುವ ತಂತಿ ಟರ್ಮಿನಲ್ ಹೇಳುವ ತಂತಿಗೇ ಹೋಗಿ ಸೇರಿತ್ತು. ಇಬ್ಬರೂ ಹೇಳುವವರು, ಕೇಳುವವರು ಯಾರೂ ಇಲ್ಲ. ಮೂತಿ ಬಿಚ್ಚಿ ತಂತಿ ಕತ್ತರಿಸಿ, ಇದರ ಮಾತು ಅದರ ಕಿವಿಗೆ, ಅದರ ಮಾತು ಇದರ ಕಿವಿಗೆ ಬರುವಂತೆ ಅದಲುಬದಲು ಮಾಡಿ ಬೆಸುಗೆ ಹಾಕಿದೆ. ಅರ್ಥಿಂಗ್ ತಂತಿಯನ್ನೂ ಸರಿಯಾದ ಮುಳ್ಳಿಗೆ ಸೇರಿಸಿದೆ.

ಈ ಸಲ ಯಂತ್ರ ಹಚ್ಚಿದಾಗ ಟರ್ಮಿನಲ್ಲಿನ ಪರದೆಯ ಮೇಲೆ ಅಕ್ಷರಗಳು ಬಂದವು. ಅರ್ಥವಿಲ್ಲದ ಅಕ್ಷರಗಳು, ಹಕ್ಕಿ ಕೆದರಿದಂತೆ. “ಕೆಟ್ಟದ ನೋಡು, ಅವರು ಹೇಳಿದ್ದ ಖರೆ” ಎಂದ ತಮ್ಮ. ನಾನು, “ಬಾಯಿ ಮುಚ್ಚು” ಎಂದೆ. ಅರ್ಥವಾಗದ ಅಕ್ಷರ ಬಂದರೆ ಅದು ಒಳ್ಳೆಯ ಸುದ್ದಿ. ಯಂತ್ರ ಮಾತಾಡುತ್ತಿದೆ, ವೇಗ ಹೊಂದುತ್ತಿಲ್ಲ. ಅದು ಹೇಳುವ ವೇಗ ಒಂದು, ಟರ್ಮಿನಲ್ ಕೇಳುವ ವೇಗ ಇನ್ನೊಂದು. ಟರ್ಮಿನಲ್ಲಿನ ವೇಗವನ್ನು ಒಂದು ಮೆಟ್ಟಿಲು ಇಳಿಸಿದೆ, ಮತ್ತೆ ಕಸ. ಇನ್ನೊಂದು ಇಳಿಸಿದೆ. ಹಸಿರು ಅಕ್ಷರಗಳು ಸಾಲಾಗಿ ನಿಂತವು. ಚಿತ್ರದ ಭಾಗ ಸಿಗುತ್ತಿಲ್ಲ ಎಂದು ಯಂತ್ರ ದೂರುತ್ತಿತ್ತು. ಮುಂದುವರಿಯಲು ಒಂದು ಗುಂಡಿ ಒತ್ತಿ ಎಂದು ಕೇಳುತ್ತಿತ್ತು.

ನಾನು ಒತ್ತಿದೆ. ಏನೂ ಆಗಲಿಲ್ಲ. ಮತ್ತೆ ಒತ್ತಿದೆ. ಅದರ ಮಾತು ನನಗೆ ಬರುತ್ತಿತ್ತು, ನನ್ನ ಮಾತು ಅದಕ್ಕೆ ಹೋಗುತ್ತಿರಲಿಲ್ಲ. ಕೇಬಲ್ ಅಲ್ಲಾಡಿಸಿ ನೋಡಿದೆ. ನಾನು ಹಾಕಿದ ಬೆಸುಗೆಯಲ್ಲಿ ಒಂದು ಹಿಡಿದಿರಲಿಲ್ಲ. ಮತ್ತೆ ಹಾಕಿದೆ, ಮತ್ತೆ ಬಿಟ್ಟಿತು. ಮೂತಿಯೊಳಗಿನ ಜಾಗ ಅಕ್ಕಿಕಾಳಿನಷ್ಟು, ನನ್ನ ಕೈಗೋ ಸಿಟ್ಟಿನ ನಡುಕ.

“ಕೊಡು, ನಾ ಹಾಕ್ತೀನಿ” ಎಂದ ತಮ್ಮ.

ಕೊಡಬಾರದು ಎಂದೇ ಅನಿಸಿತು. ಆದರೂ ಕೊಟ್ಟೆ. ಅವನು ಕಿಟಕಿಯ ಬೆಳಕಿಗೆ ಹೋಗಿ, ಉಸಿರು ಹಿಡಿದು, ಒಂದೇ ಸಲಕ್ಕೆ ಹಾಕಿದ. ಮುತ್ತಿನಂತೆ ಕುಳಿತಿತು. ಅಷ್ಟು ಸ್ಥಿರವಾದ ಕೈ. ಆ ಕೈಯನ್ನು ನೋಡುತ್ತ ನನಗೆ ಬಂದ ಸಿಟ್ಟು ಇಡೀ ದಿನ ಬಂದದ್ದಕ್ಕಿಂತ ಹೆಚ್ಚಿನದು. ಈ ಒಂದು ಬೆಸುಗೆ ಅವನು ಪರದೆ ಕತ್ತಲಾದಾಗಲೇ ಹಾಕಬಹುದಿತ್ತು. ನನ್ನನ್ನು ಕರೆದು, ಟಾರ್ಚ್ ಹಿಡಿಸಿ, ಇಲ್ಲೇ ಈ ಕಿಟಕಿಯಲ್ಲೇ ಕುಳಿತು ಹಾಕಬಹುದಿತ್ತು. ಅದರ ಬದಲು ಬೆಳಿಗ್ಗೆ ಬೆಳಿಗ್ಗೆ ಕುಳಿತು ನುಣ್ಣನೆಯ ಗೆರೆ ಎಳೆದ.

ಗುಂಡಿ ಒತ್ತಿದೆ. ಯಂತ್ರ ‘ಹೂಂ’ ಎಂದಿತು. ಅಂದರೆ ಹೊಸ ಸಾಲು ಬಂತು. ಅದರ ಗಡಿಯಾರ ನಿಂತು ಎಷ್ಟೋ ವರ್ಷ ಹಿಂದಿನ ತಾರೀಖು ತೋರಿಸುತ್ತಿತ್ತು. ಸರಿಪಡಿಸಿದೆ. ಇನ್ನು ಮುಂದೆ ಪರದೆ ಹುಡುಕಬೇಡ, ಈ ಕಿಂಡಿಯಲ್ಲೇ ಮಾತಾಡು ಎಂದು ಬರೆದಿಟ್ಟೆ. ಹೊಳೆಯ ಲೆಕ್ಕ ಶುರು ಮಾಡಿಸಿದೆ. ಅಷ್ಟರಲ್ಲಿ ಊಟದ ಹೊತ್ತು ದಾಟಿತ್ತು. ಹೊಳೆ ಅವತ್ತು ಇಟ್ಟಿಗೆ ಭಟ್ಟಿಯ ಬಯಲಿಗೆ ಹೋಗಿತ್ತು, ಯಾರಿಗೂ ಏನೂ ಆಗಲಿಲ್ಲ. ತಮ್ಮನ ಹಾಳೆಯಲ್ಲಿ ಅದು ಪಿಂಜಾರ ಓಣಿಯಲ್ಲಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಲೆಕ್ಕ ಮುಗಿಯಿತು. ಚಿತ್ರ ಬಿಡಿಸಲು ಆಗದ್ದರಿಂದ ಯಂತ್ರ ನಾಳೆ ಹೊಳೆ ಹಾಯುವ ಜಾಗಗಳ ಹೆಸರನ್ನು ಒಂದರ ಕೆಳಗೊಂದು ಬರೆಯಿತು. ಕಂಚಗಾರ ಬಾವಿ, ಹಳೇ ಬಸ್ ಸ್ಟ್ಯಾಂಡ್, ಹೆರಿಗೆ ಆಸ್ಪತ್ರೆ. ನಾನು ಅದನ್ನು ಮತ್ತೆ ಮತ್ತೆ ಓದಿದೆ. ಹೆರಿಗೆ ಆಸ್ಪತ್ರೆಗೆ ಹೊಳೆ ಹೋಗಿ ಬಹಳ ವರ್ಷವಾಗಿತ್ತು. ಅಲ್ಲಿ ಬಾಣಂತಿಯರು ಕೆಳಗಿನ ಅಂತಸ್ತಿನಲ್ಲೇ ಮಲಗುತ್ತಾರೆ, ಮಂಚಕ್ಕೆ ಸರಪಳಿಯೂ ಇಲ್ಲ.

“ನಾಳಿನ ಹಾಳಿ ನಾ ಬರೀತೀನಿ, ನೀ ದಣದಿ” ಎಂದ ತಮ್ಮ.

“ನಿನ್ನ ಕೈ ಮುಟ್ಟಿಸಬ್ಯಾಡ.”

ಬೆಸುಗೆ ಸಾಮಾನು ಎತ್ತಿಡುತ್ತ ಅವನು, “ಹೆಂಗೂ ಸರಿ ಆತಲ್ಲ. ಹಿಂದಿಂದು ಯಾರಿಗೂ ಹೇಳೂದು ಬ್ಯಾಡ, ಅಕ್ಕಾ. ಹೇಳಿದ್ರ ಇದನ್ನೂ ಯಾರೂ ನಂಬೂದಿಲ್ಲ. ಆಸ್ಪತ್ರಿ ಹೆಂಗಸರ ಜೀವದ ಪ್ರಶ್ನೆ” ಎಂದ.

ಅವನ ಮಾತು ನಿಜವಾಗಿತ್ತು, ಅದೇ ಅಸಹ್ಯ. ಅವನ ಸುಳ್ಳು ಬೆಳೆದು ಬೆಳೆದು ಈಗ ಬಾಣಂತಿಯರ ಜೀವವನ್ನೇ ಗುರಾಣಿ ಮಾಡಿಕೊಂಡು ನಿಂತಿತ್ತು. “ಏಯ್, ಮುಂಜಾನೆ ಹಲಗೀ ಹತ್ರ ಬಂದು ನಿಂದ್ರಬೇಕು ನೀನು. ನಿನ್ನ ಬಾಯಿಲೇ ಹೇಳಬೇಕು. ಬರಲಿಲ್ಲಂದ್ರ ನಾ ಕತ್ತಿನ ಪಟ್ಟಿ ಹಿಡಿದು ಎಳಕೊಂಡು ಬರ್ತೀನಿ” ಎಂದೆ.

ಅವನು ಬಂದ. ಚೌಕದಲ್ಲಿ ಜನ ಸೇರಿದ್ದರು. ಯಂತ್ರದ ಪಟ್ಟಿ ನೋಡಿ ನಾನೇ ಹಾಳೆಯ ಮೇಲೆ ಎಳೆದ ಗೆರೆ ಅಂಕುಡೊಂಕು, ಮಗು ಬರೆದಂತಿತ್ತು. ತಮ್ಮ ಗಂಟಲು ಸರಿಮಾಡಿಕೊಂಡು, “ಯಂತ್ರ ಸ್ವಲ್ಪ ಕೆಟ್ಟಿತ್ತು…” ಎಂದು ಶುರುಮಾಡಿದ. ನಾನು ಅವನ ಮುಖವನ್ನೇ ನೋಡುತ್ತ ನಿಂತೆ. ಅವನು ನೆಲ ನೋಡಿದ. ಆಮೇಲೆ ಹೇಳಿದ. ಪರದೆ ಕತ್ತಲಾದದ್ದು, ಅಂದಾಜಿನಲ್ಲಿ ಬರೆದದ್ದು, ಕಲ್ಲವ್ವ ಸತ್ತ ದಿನದ್ದೂ ತಾನೇ ಬರೆದದ್ದು. ಅವನ ದನಿ ಅಷ್ಟು ಸಣ್ಣದಾಗಿ ಬಂದರೂ ಎಲ್ಲರಿಗೂ ಕೇಳಿಸಿತು.

ಮೊದಲು ಒಂದು ಚಪ್ಪಲಿ ಬಂತು. ಆಮೇಲೆ ಯಾರೋ ಅವನ ಅಂಗಿ ಹಿಡಿದರು. ಹಾಲಿನವನು ನಾನು ಹಚ್ಚಿದ ಹಾಳೆಯನ್ನು ಕಿತ್ತು, “ಇದೂ ಕೈಲೇ ಬರದದ್ದ ಐತಿ ನೋಡ್ರೋ! ಅಕ್ಕ ತಮ್ಮ ಕೂಡಿ ನಾಟಕ ಮಾಡಾಕತ್ತಾರ!” ಎಂದು ನಾಲ್ಕು ತುಂಡು ಮಾಡಿದ. ನಾನು ಯಂತ್ರದ ಮಾತು, ಕೇಬಲ್ಲು ಎಂದು ಕೂಗಿದೆ. ಆ ಗದ್ದಲದಲ್ಲಿ ಯಾರು ಕೇಳುತ್ತಾರೆ? ಅವರದು ತಪ್ಪು ಎಂದು ಹೇಗೆ ಹೇಳಲಿ? ನನಗೆ ಹಿಂದಿನ ದಿನದಿಂದ ಇದ್ದ ಸಿಟ್ಟು ಅವರಿಗೆ ಆಗಷ್ಟೇ ಬಂದಿತ್ತು.

ಗುಂಪಿನ ಹಿಂದೆ ಸಾವಂತ್ರಿ ನಿಂತಿದ್ದಳು. ಎಲ್ಲ ಕೇಳಿದಳು. ತಿರುಗಿ ತನ್ನ ಓಣಿಯ ಕಡೆ ಹೋದಳು.

ನಾನು ಅಲ್ಲಿಂದ ನೇರ ಹೆರಿಗೆ ಆಸ್ಪತ್ರೆಗೆ ಓಡಿದೆ. ಅಲ್ಲಿನ ಹಿರಿಯ ನರ್ಸು ಎಸ್ತೇರಮ್ಮ. ಊರಿನ ಅರ್ಧ ಜನ ಭೂಮಿಗೆ ಬಿದ್ದದ್ದು ಅವಳ ಕೈಯಲ್ಲಿ. ಚೌಕದ ಸುದ್ದಿ ನನಗಿಂತ ಮೊದಲೇ ಅವಳಿಗೆ ಮುಟ್ಟಿತ್ತು. ಬಾಗಿಲಿಗೆ ಅಡ್ಡ ನಿಂತು ಹೇಳಿದಳು: “ದಮಯಂತಿಬಾಯಿ, ಒಳಗ ಹೊಟ್ಟಿ ಕೊಯ್ಸಿಕೊಂಡು ಮಲಗಿದಾರ ಇದ್ದಾರ. ನಿನ್ನೆ ಹೆತ್ತಾರ ಇದ್ದಾರ. ಅವರನ್ನ ಮಾಳಿಗಿ ಮ್ಯಾಲೆ ಹೊತ್ತಕೊಂಡು ಹೋಗು ಅಂತೀರಿ. ಹೊಲಿಗಿ ಬಿಚ್ಚಿದ್ರ ಯಾರು ಹೊಣಿ? ನಿಮ್ಮ ಮನಿ ಮಾತನ್ನ ನಾ ಯಾಕ ನಂಬಲಿ?”

“ನಂಬಬ್ಯಾಡ್ರಿ. ನಂಬದನ ಹೊರ್ರಿ” ಎಂದೆ. ಎಂಥ ದಡ್ಡ ಮಾತು! ಅದಕ್ಕಿಂತ ಬೇರೆ ನನ್ನ ಹತ್ತಿರ ಏನೂ ಇರಲಿಲ್ಲ. ಎಸ್ತೇರಮ್ಮ ತಲೆ ಅಲ್ಲಾಡಿಸಿದಳು.

ಆಗ ಸಾವಂತ್ರಿ ಗೇಟಿನಿಂದ ಒಳಗೆ ಬಂದಳು. ಸೆರಗು ಬಿಗಿದು ಕಟ್ಟಿದ್ದಳು. ಅವಳ ಹಿಂದೆ ಬುಟ್ಟಿಗಾರ ಓಣಿಯ ಹೆಂಗಸರು ಬಿದಿರಿನ ಗಳ, ಚಾಪೆ ಹಿಡಿದು ಬಂದಿದ್ದರು. ನನ್ನ ಕಡೆ ನೋಡಲೂ ಇಲ್ಲ ಅವಳು.

“ಸಿಸ್ಟರ್, ಸರೀರಿ” ಎಂದಳು. “ಸಾವಕಾಶ ಎತ್ತತೀವಿ. ಸುಳ್ಳಾತಂದ್ರ ನಮ್ಮ ರಟ್ಟಿ ನೋಯ್ತಾವ, ಮತ್ತ ಇಳಿಸಿ ಕೊಡ್ತೀವಿ. ಖರೆ ಆತಂದ್ರ ಏನಾಕ್ಕೈತಿ, ಅದನ್ನ ನಾ ಮೊನ್ನೆ ನೋಡೀನಿ.”

ಎಸ್ತೇರಮ್ಮ ಅವಳ ಮುಖ ನೋಡಿದಳು. ಬಹಳ ಹೊತ್ತು ನೋಡಲಿಲ್ಲ. ಸರಿದು ನಿಂತು, “ತಲಿ ಕಡೀಂದ ನಾ ಹಿಡೀತೀನಿ. ಅಲಗಾಡಿಸಬ್ಯಾಡ್ರಿ” ಎಂದಳು.

ಬಿದಿರಿಗೆ ಚಾಪೆ ಕಟ್ಟಿ ಒಬ್ಬೊಬ್ಬರನ್ನೇ ಹೊತ್ತರು. ಮೆಟ್ಟಿಲು ಕಡಿದು, ತಿರುವು ಇಕ್ಕಟ್ಟು. ಬಾಣಂತಿಯರು ನರಳಿದರು, ಒಬ್ಬಳು ನನ್ನನ್ನು ಬಾಯಿಗೆ ಬಂದಂತೆ ಬೈದಳು. ಕೂಸುಗಳನ್ನು ಬುಟ್ಟಿಯಲ್ಲಿಟ್ಟು ಕೈಯಿಂದ ಕೈಗೆ ದಾಟಿಸಿದರು. ಕೊನೆಗೊಂದು ಭಾರದ ಚಾಪೆಗೆ ಹಿಂದಿನ ಹೆಗಲು ಸಾಲದಾದಾಗ, ಹರಿದ ಅಂಗಿಯ ಒಬ್ಬ ಮನುಷ್ಯ ಬಂದು ಹೆಗಲು ಕೊಟ್ಟ. ತಮ್ಮ. ತುಟಿ ಒಡೆದು ರಕ್ತ ಒಣಗಿತ್ತು. ಮುಂದಿನ ಗಳ ಸಾವಂತ್ರಿಯ ಹೆಗಲ ಮೇಲಿತ್ತು. ಅವಳು ತಿರುಗಿ ನೋಡಿ, ಮತ್ತೆ ಮುಂದೆ ನೋಡಿದಳು. ಇಬ್ಬರೂ ಸೇರಿ ಆ ಹೆಂಗಸನ್ನು ಮೇಲೆ ಹೊತ್ತರು.

ಮಧ್ಯಾಹ್ನವಾಯಿತು. ನಾವೆಲ್ಲ ಮಾಳಿಗೆಯ ಕಟಾಂಜನಕ್ಕೆ ಒರಗಿ ಬೀದಿ ನೋಡುತ್ತಿದ್ದೆವು. ಆಸ್ಪತ್ರೆಯ ಆಚೆ ಚೌಕದ ಕಡೆಯ ಜನವೂ ಸೇರಿದ್ದರು, ಹೊಳೆ ಬರದಿದ್ದರೆ ನನ್ನನ್ನು ಎಳೆದುಹಾಕಲು. ಬೀದಿ ಒಣಗಿತ್ತು. ಒಂದು ಕೋಳಿ ದಾಟಿ ಹೋಯಿತು. ಬಿಸಿಲು ನೆತ್ತಿಯಿಂದ ಸ್ವಲ್ಪ ಸರಿಯಿತು. ಗುಂಪಿನಲ್ಲಿ ಯಾರೋ ನಕ್ಕರು. ಎಲ್ಲಿ ತಪ್ಪಿದೆ? ತಾರೀಖೇ? ಕಂಬದ ಲೆಕ್ಕವೇ? ಎಂದು ಮನಸ್ಸು ಹಿಂದಕ್ಕೆ ಹಿಂದಕ್ಕೆ ಓಡುತ್ತಿತ್ತು.

ಕಂಚಗಾರ ಬಾವಿಯ ಕಡೆಯಿಂದ ಮೊದಲು ಸದ್ದು ಬಂತು, ಗೋಣಿಚೀಲ ಎಳೆದಂತೆ. ಆಮೇಲೆ ಹಳೇ ಬಸ್ ಸ್ಟ್ಯಾಂಡಿನ ಮೂಲೆ ತಿರುಗಿ ಹೊಳೆ ಬಂತು. ತನ್ನ ಪಾಡಿಗೆ, ಅವಸರವಿಲ್ಲದೆ, ಕಸಕಡ್ಡಿ ಮುಂದೆ ದಬ್ಬಿಕೊಂಡು. ಗೇಟು ದಾಟಿತು. ಮೆಟ್ಟಿಲು ಹತ್ತಿತು. ಕೆಳಗಿನ ವಾರ್ಡಿನೊಳಗೆ ನುಗ್ಗಿ ಖಾಲಿ ಮಂಚಗಳನ್ನು ಮುಳುಗಿಸಿತು. ಯಾರೋ ಬಿಟ್ಟ ಚಪ್ಪಲಿಗಳೂ ಒಂದು ಔಷಧದ ತಟ್ಟೆಯೂ ತೇಲುತ್ತ ಹೊರಬಂದವು. ಬೀದಿಯ ಜನ ಗೋಡೆ ಏರಿದರು, ಅಲ್ಲಿಂದಲೇ ಕೇಕೆ ಹಾಕಿದರು. ಮಾಳಿಗೆಯ ಮೇಲೆ ಹೆಂಗಸರು ಕೂಸುಗಳನ್ನು ಎದೆಗವಚಿಕೊಂಡು ಅತ್ತರು, ನಕ್ಕರು. ಎಸ್ತೇರಮ್ಮ ಶಿಲುಬೆ ಮುಟ್ಟಿಕೊಂಡು, ನನ್ನ ಎರಡೂ ಕೈ ಹಿಡಿದು ಏನೋ ಹೇಳಿದಳು. ಒಂದು ಕ್ಷಣ, ಒಂದೇ ಕ್ಷಣ, ನನಗೂ ಹಿಗ್ಗಾಯಿತು. ನಮ್ಮ ಯಂತ್ರ ಸರಿಯಾಗಿ ಹೇಳಿತ್ತು.

ಸಾವಂತ್ರಿ ಹಿಗ್ಗಲಿಲ್ಲ. ಕಟಾಂಜನ ಹಿಡಿದು ಕೆಳಗೆ ನೋಡುತ್ತಿದ್ದಳು. ಯಂತ್ರ ಹೇಳಿದ ಕಡೆಯಿಂದಲೇ ಬಂದ ಹೊಳೆ, ಹೇಳಿದ ಮನೆಯನ್ನೇ ಹೊಕ್ಕು, ಹೇಳಿದಲ್ಲಿಯೇ ನಿಂತಿತ್ತು. ಅವಳು ಅದನ್ನು ಕಣ್ಣಿಂದಲೇ ಅಳೆಯುತ್ತಿರುವಂತೆ ಕಂಡಿತು. ಆಮೇಲೆ ನಿಧಾನವಾಗಿ ತಿರುಗಿದಳು. ನನ್ನ ಕಡೆ ಅಲ್ಲ, ಗೋಡೆಗೊರಗಿ ಕುಳಿತಿದ್ದ ನನ್ನ ತಮ್ಮನ ಕಡೆ.

“ಅಂದ್ರ” ಎಂದಳು, “ನಮ್ಮವ್ವಂದೂ ಗೊತ್ತಾಗತಿತ್ತು.”

ತಮ್ಮ ಸಹಾಯ ಬೇಡುವವನಂತೆ ನನ್ನ ಮುಖ ನೋಡಿದ. ಚಿಕ್ಕವನಿದ್ದಾಗ ಮೇಷ್ಟರ ಪ್ರಶ್ನೆಗೆ ಉತ್ತರ ಬಾರದಿದ್ದರೆ ಹೀಗೇ ನೋಡುತ್ತಿದ್ದ, ನಾನು ಮೆಲ್ಲಗೆ ಹೇಳಿಕೊಡುತ್ತಿದ್ದೆ.

“ಹೌದು ಸಾವಂತ್ರಿ” ಎಂದೆ, ಎಲ್ಲರಿಗೂ ಕೇಳಿಸುವಂತೆ. “ಗೊತ್ತಾಗತಿತ್ತು.”